ಕಮ್ಮಿ ಓಡಿದ ಗಾಡಿ, ಕಮ್ಮಿ ಮುಟ್ಟಿದ ಕೈ

ನಮ್ಮ ಮಂಡ್ಯ ಸೀಮೆಯಲ್ಲಿ ಅತಿ ಕಮ್ಮಿ ಓಡುವ ಗಾಡಿ ಯಾವುದು? ದೇವರ ತೇರು. ವರ್ಷಕ್ಕೆ ಒಂದು ದಿನ, ಒಂದು ರಥಬೀದಿ, ಅಷ್ಟೆ. ಬೀದಿ ಅರ್ಧ ಕಿಲೋಮೀಟರ್ ಇದೆಯೆಂದೇ ಇಟ್ಟುಕೊಳ್ಳಿ. ನೂರು ವರ್ಷ ಎಳೆದರೂ 50 ಕಿಲೋಮೀಟರ್. ಹಾಗೆ ಲೆಕ್ಕ ಹಾಕಿದರೆ ನಮ್ಮ ಚಿಕ್ಕರಸಿನಕೆರೆಯಿಂದ ಹೊರಟ ತೇರು ಒಂದು ಶತಮಾನ ಕಳೆದರೂ ಬೆಂಗಳೂರು ಕಾಣುವುದಿಲ್ಲ. ಆದರೂ ಅದು ಪ್ರತಿ ಜಾತ್ರೆಗೆ ಎದ್ದು ನಡೆಯುತ್ತದೆ. ಯಾಕೆಂದರೆ ಜಾತ್ರೆಗೆ ವಾರ ಇರುವಾಗಲೇ ಬಡಗಿ ಬಂದು ಚಕ್ರದ ಕೆಳಗೆ ಮಲಗುತ್ತಾನೆ. ಹಲಗೆ ಹಲಗೆಯನ್ನೂ ತಟ್ಟಿ ಕೇಳುತ್ತಾನೆ. ಟೊಳ್ಳು ಸದ್ದು ಬಂದದ್ದನ್ನು ಬದಲಿಸುತ್ತಾನೆ, ಗಟ್ಟಿ ಸದ್ದು ಬಂದದ್ದರ ಮೇಲೆ ಉಳಿ ಇಡುವುದಿಲ್ಲ. ಅಚ್ಚಿಗೆ ಎಣ್ಣೆ ಹಾಕಿ ಎದ್ದು ಹೋಗುತ್ತಾನೆ.

ಹಳೆಯ ಮೋಟಾರು ಕಾರನ್ನು ಹೇಗೆ ಉಳಿಸಬೇಕು ಎಂದು ಇವತ್ತು ಲೋಕದ ದೊಡ್ಡ ದೊಡ್ಡ ಸಂಗ್ರಾಹಕರು ಹೇಳುತ್ತಿರುವುದೆಲ್ಲ ಈ ಬಡಗಿಯ ಕೆಲಸದಲ್ಲೇ ಇದೆ. ಇದು ನನಗೆ ಹೊಳೆದದ್ದು ಶ್ರೀರಂಗಪಟ್ಟಣದ ಬಳಿ, ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದ ‘ಪಯಣ’ ಕಾರು ಸಂಗ್ರಹಾಲಯದಲ್ಲಿ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಕೂಡಿಸಿದ ಹಳೆಯ ಕಾರುಗಳಲ್ಲಿ ಒಂದು ಭಾಗಕ್ಕೆ ನಮ್ಮ ಜಿಲ್ಲೆಯಲ್ಲೇ ಮನೆ ಸಿಕ್ಕಿದೆ. ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಭಾರತೀನಗರದ ಸಕ್ಕರೆ ಕಾರ್ಖಾನೆಗೆ ವರ್ಷಗಟ್ಟಲೆ ಎತ್ತಿನ ಗಾಡಿಯಲ್ಲಿ ಕಬ್ಬು ಹೊಡೆದವರು ಅವರು. ಎದೆಯುದ್ದದ ಮೂತಿ, ಕೈಯಗಲದ ಮಡ್‌ಗಾರ್ಡು, ಹಾಸಿಗೆಯಂಥ ಸೀಟು ಇದ್ದ ಅಮೆರಿಕದ ಸೆಡಾನೊಂದರ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಕೇಳಿದ್ದು ಒಂದೇ ಮಾತು: “ಇವು ಓಡ್ತಾವೇನ್ಲಾ, ಇಲ್ಲ ಬರೀ ನಿಂತ್ಕಂಡಿರ್ತಾವಾ?”

ಬೆಲೆ ಕೇಳಲಿಲ್ಲ, ಯಾವ ರಾಜರದು ಎಂದು ಕೇಳಲಿಲ್ಲ. ಓಡುತ್ತದೆಯೇ ಎಂದು ಕೇಳಿದರು. ಈ ಲೇಖನ ಆ ಪ್ರಶ್ನೆಗೆ ನಾನು ಹುಡುಕಿಕೊಂಡ ಉತ್ತರ.

ಗಾಡಿ ಮಾಡುವವರು ಮಾಡಿದ ಕಾರು

ಧರ್ಮಸ್ಥಳದ ಸಂಗ್ರಹದಲ್ಲಿ ಹೆಚ್ಚು ಮಾತಿಗೆ ಬರುವುದು 1929ರ ಒಂದು ಸ್ಟುಡಿಬೇಕರ್ ಪ್ರೆಸಿಡೆಂಟ್. ಮೈಸೂರು ಸೀಮೆಗೆ ಬಂದಾಗ ಗಾಂಧೀಜಿ ಕೂತು ಓಡಾಡಿದ ಕಾರು ಎಂದು ಅದಕ್ಕೆ ಹೆಸರು. ಅಪ್ಪನಿಗೆ ಆ ಕಾರಿನ ಕುಲದ ಕತೆ ಹೇಳಿದಾಗ ಅವರ ಮುಖ ಅರಳಿತು. ಸ್ಟುಡಿಬೇಕರ್ ಅಣ್ಣತಮ್ಮಂದಿರು ಕಮ್ಮಾರರು. 1852ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಎಂಬ ಊರಲ್ಲಿ ಕುಲುಮೆ ಹೂಡಿ ಕುದುರೆಗಾಡಿಗಳನ್ನು ಮಾಡಲು ತೊಡಗಿದರು. ಐವತ್ತು ವರ್ಷ ಗಾಡಿ ಮಾಡಿದ ಮೇಲೆ, 1902ರಲ್ಲಿ ಮೊದಲ ಬಾರಿಗೆ ಬ್ಯಾಟರಿಯ ಕಾರು, 1904ರಲ್ಲಿ ಪೆಟ್ರೋಲ್ ಕಾರು ಹೊರತಂದರು. ಪ್ರೆಸಿಡೆಂಟ್ ಅವರ ಅತಿ ಬೆಲೆಬಾಳುವ ಮಾದರಿ. ಎಂಟು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಎಂಜಿನ್ನು. ಅಂಥ ಎಂಜಿನ್ನಿನ ದಂಡ ಕಾಲು ಸುತ್ತು ತಿರುಗುವಷ್ಟರಲ್ಲಿ ಒಂದು ಸಿಲಿಂಡರ್ ಉರಿದು ನೂಕುತ್ತದೆ. ನೂಕಿಗೂ ನೂಕಿಗೂ ನಡುವೆ ಬಿಡುವು ಇಲ್ಲದ್ದರಿಂದ ಕಾರು ಕುಲುಕುವುದಿಲ್ಲ, ಜಾರುತ್ತದೆ. ಆ ಕಾಲದ ಐಷಾರಾಮ ಎಂದರೆ ಮೊದಲು ಇದು, ಮೆತ್ತನೆ ಸೀಟು ಆಮೇಲೆ.

ಪ್ಯಾಕಾರ್ಡ್, ಕ್ಯಾಡಿಲಾಕ್, ಲಿಂಕನ್, ಕ್ರೈಸ್ಲರ್, ಬ್ಯೂಕ್ ಎಲ್ಲ ಆ ಐಷಾರಾಮಿ ಪಂಗಡದವೇ. ಆ ಕಾಲದ ಐಷಾರಾಮದ ಒಂದು ದೊಡ್ಡ ಹೆಜ್ಜೆ ಇವತ್ತು ನಮ್ಮ ಮನೆಯ ಸಣ್ಣ ಕಾರಿನಲ್ಲೂ ಇದೆ. 1912ರ ತನಕ ಪೆಟ್ರೋಲ್ ಕಾರು ಹೊರಡಬೇಕಾದರೆ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಅದು ತಿರುಗಿ ಹೊಡೆದರೆ ಕೈ ಮುರಿಯುತ್ತಿತ್ತು. ಆ ವರ್ಷ ಕ್ಯಾಡಿಲಾಕ್ ಕಂಪನಿ, ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಅಳವಡಿಸಿತು. ನಾವು ಇವತ್ತು ‘ಸೆಲ್ಫ್ ಹೊಡೆಯುವುದು’ ಎನ್ನುತ್ತೇವಲ್ಲ, ಅದರ ಮೂಲ ಅಲ್ಲಿದೆ.

ಇಂಥ ಕಾರುಗಳು ಭಾರತಕ್ಕೆ ಹಡಗಿನಲ್ಲಿ ಬಂದದ್ದೂ ಉಂಟು, ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬಂದದ್ದೂ ಉಂಟು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬೈಯ ಸೇವ್ರಿಯಲ್ಲಿ ಜೋಡಣೆ ಕಾರ್ಖಾನೆ ತೆರೆಯಿತು. ಅಮೆರಿಕದಲ್ಲಿ ಸ್ಟೇರಿಂಗ್ ಎಡಕ್ಕಿರುತ್ತದೆ. ಇಲ್ಲಿಗೆಂದು ಮಾಡಿದವಕ್ಕೆ ಬಲಕ್ಕೆ. ಹಾಗಾಗಿ ಬಲಗಡೆ ಸ್ಟೇರಿಂಗ್ ಇರುವ ಹಳೆಯ ಅಮೆರಿಕನ್ ಸೆಡಾನ್ ಸಿಕ್ಕರೆ, ಅದು ನಮ್ಮಂಥ ದೇಶಕ್ಕೆಂದೇ ಹುಟ್ಟಿದ್ದು ಎನ್ನಲು ಅದೊಂದು ಗುರುತು. ನೆಲದಿಂದ ಎತ್ತರಕ್ಕೆ ನಿಂತ ಮೈ, ಮೆತ್ತನೆಯ ಕಮಾನುಪಟ್ಟಿ, ಎಷ್ಟು ಭಾರಕ್ಕೂ ಏದುಸಿರು ಬಿಡದ ಎಂಜಿನ್ನು: ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಮೊಣಕಾಲುದ್ದ ಧೂಳು ಇದ್ದ ನಮ್ಮ ರಸ್ತೆಗಳಿಗೆ ಹೇಳಿ ಮಾಡಿಸಿದಂತಿದ್ದವು.

ವಿಶ್ವೇಶ್ವರಯ್ಯನವರ ಈಡೇರದ ಕಾರ್ಖಾನೆ

ಮಂಡ್ಯದವರಿಗೆ ಸರ್ ಎಂ. ವಿಶ್ವೇಶ್ವರಯ್ಯ ಎಂದರೆ ಕನ್ನಂಬಾಡಿ ಕಟ್ಟೆ ಮತ್ತು ವಿ.ಸಿ. ನಾಲೆ. ಆ ನೀರು ಬಂದು ಕಬ್ಬು ಬೆಳೆಯಿತು. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಎದ್ದಿತು. ಆದರೆ ಅದೇ ದಶಕದಲ್ಲಿ ಎಪ್ಪತ್ತು ದಾಟಿದ್ದ ಆ ಹಿರಿಯರು ಇನ್ನೊಂದು ಕನಸಿನ ಬೆನ್ನು ಹತ್ತಿದ್ದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕು ಎಂದು 1935ರಲ್ಲಿ ಅವರು ಯುರೋಪು, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಯಾದರು. ಬೆಂಗಳೂರಿನಲ್ಲಿ ಕಾರ್ಖಾನೆ ಕಟ್ಟುವ ಮಾತು ಗಟ್ಟಿಯಾಗಿಯೇ ನಡೆಯಿತು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ಮಾತ್ರ ಸಿಗಲಿಲ್ಲ.

ವಾಲ್‌ಚಂದ್ ಸುಮ್ಮನಾಗಲಿಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು, ಇಂದಿನ ಎಚ್‌ಎಎಲ್‌ನ ಬೇರು ಅದು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆಗೂಡಿ ಮುಂಬೈಯ ಕುರ್ಲಾದಲ್ಲಿ 1947ರಿಂದ ಡಾಡ್ಜ್, ಪ್ಲಿಮತ್, ಡಿಸೋಟೊ ಗಾಡಿಗಳು ಜೋಡಣೆಯಾಗಿ ಹೊರಬಂದವು. ಕಾರು ಬೆಂಗಳೂರಿನ ಕೈ ತಪ್ಪಿತು, ವಿಮಾನ ಉಳಿಯಿತು. ಇವತ್ತು ಹಳೆಯ ಡಾಡ್ಜ್ ಒಂದು ನಮ್ಮ ಕಣ್ಣಿಗೆ ಬಿದ್ದರೆ, ಅದು ನಮ್ಮ ಮಂಡ್ಯಕ್ಕೆ ನೀರು ತಂದವರ ಇನ್ನೊಂದು ಕನಸಿನ ನೆರಳು ಎಂದು ನೆನೆದರೆ ತಪ್ಪಲ್ಲ.

ಸ್ವಾತಂತ್ರ್ಯದ ನಂತರ ಸರ್ಕಾರ ಸ್ವದೇಶಿ ತಯಾರಿಕೆಗೆ ಒತ್ತು ಕೊಟ್ಟಿತು. 1953ರ ನೀತಿಯಂತೆ ಬರೀ ಜೋಡಣೆ ಮಾಡುವ ವಿದೇಶಿ ಕಂಪನಿಗಳಿಗೆ ಇಲ್ಲಿ ಜಾಗ ಉಳಿಯಲಿಲ್ಲ. ಜನರಲ್ ಮೋಟಾರ್ಸ್ ಬಾಗಿಲು ಹಾಕಿ ಹೊರಟಿತು. ಆಮದು ಬಿಗಿಯಾಯಿತು. ಇದ್ದ ಅಮೆರಿಕನ್ ಕಾರುಗಳು ತವರಿಲ್ಲದ ಹೆಣ್ಣುಮಕ್ಕಳಂತಾದವು. ಬಿಡಿಭಾಗ ಇಲ್ಲ, ಲೀಟರ್ ಪೆಟ್ರೋಲಿಗೆ ನಾಲ್ಕೈದು ಕಿಲೋಮೀಟರ್. 1973ರ ತೈಲ ಬಿಕ್ಕಟ್ಟು ಬಂದ ಮೇಲೆ ಎಷ್ಟೋ ಕಾರುಗಳ ಮೂಲ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದರು. ದುಡಿಯುವ ಗಾಡಿ ಬದುಕಲು ಮಾಡಿದ ಉಪಾಯ ಅದು, ತಪ್ಪಲ್ಲ. ಆದರೆ ಅದರಿಂದಾಗಿಯೇ ಮೂಲ ಎಂಜಿನ್, ಮೂಲ ಬಣ್ಣ, ಮೂಲ ಸೀಟು ಇರುವ, ಕಮ್ಮಿ ಓಡಿದ ಸೆಡಾನ್ ಈ ದೇಶದಲ್ಲಿ ಅಪರೂಪದಲ್ಲಿ ಅಪರೂಪ.

ಮೀಟರಿನ ಮಾತು ನಂಬಬಹುದೇ?

ಕಮ್ಮಿ ಓಡಿದೆ ಎಂದು ಹೇಳುವುದು ಡ್ಯಾಶ್‌ಬೋರ್ಡಿನ ಮೀಟರು. ಹಳೆಯ ಕಾರಿನ ಮೀಟರಿಗೆ ಸಾಮಾನ್ಯವಾಗಿ ಐದು ಅಂಕೆ. 99,999 ಮೈಲಿ ಆದ ಮೇಲೆ ಅದು ಮತ್ತೆ ಸೊನ್ನೆಗೆ ಬರುತ್ತದೆ. ಅಂದರೆ 23,000 ಎಂದು ತೋರಿಸುವ ಕಾರು ನಿಜವಾಗಿ 1,23,000 ಮೈಲಿ ಓಡಿರಬಹುದು. ಎತ್ತಿನ ವಯಸ್ಸನ್ನು ಮಾರುವವನ ಬಾಯಲ್ಲಿ ಕೇಳದೆ ಎತ್ತಿನ ಬಾಯಲ್ಲೇ ಹಲ್ಲು ನೋಡುತ್ತಾರಲ್ಲ, ತಿಳಿದವರು ಕಾರನ್ನೂ ಹಾಗೆಯೇ ನೋಡುತ್ತಾರೆ. ಬ್ರೇಕ್ ಪೆಡಲಿನ ರಬ್ಬರಿನ ಗೆರೆಗಳು ಸವೆದಿವೆಯೇ? ಡ್ರೈವರ್ ಕಡೆಯ ಬಾಗಿಲು ತೆರೆದಾಗ ಕೆಳಕ್ಕೆ ಜೋಲುತ್ತದೆಯೇ? ಆ ಸೀಟಿನ ಸ್ಪ್ರಿಂಗು ಮಿಕ್ಕ ಸೀಟುಗಳಿಗಿಂತ ಕುಸಿದಿದೆಯೇ? ಸ್ಟೇರಿಂಗ್ ಚಕ್ರದ ಮೇಲೆ ಕೈ ಹಿಡಿಯುವ ಜಾಗ ನುಣುಪಾಗಿದೆಯೇ? ಮೀಟರ್ ತಿರುಗಿಸಬಹುದು. ಈ ನಾಲ್ಕು ಸಾಕ್ಷಿಗಳನ್ನು ಒಟ್ಟಿಗೆ ಸುಳ್ಳು ಹೇಳಿಸುವುದು ಕಷ್ಟ.

ಕಾರು ಕಮ್ಮಿ ಓಡಲು ಕಾರಣಗಳೂ ಇರಬೇಕು. ಎರಡನೆಯ ಮಹಾಯುದ್ಧದ ಹೊತ್ತಿಗೆ ಪೆಟ್ರೋಲಿಗೆ ಪಡಿತರ ಬಂತು. ಬಸ್ಸುಗಳ ಹಿಂದೆ ಇದ್ದಿಲಿನ ಗ್ಯಾಸ್ ಒಲೆ ಕಟ್ಟಿ ಓಡಿಸಿದ ಕಾಲ ಅದು, ಹಿರಿಯರು ಇವತ್ತಿಗೂ ಅದರ ಮಾತು ಆಡುತ್ತಾರೆ. ದೊಡ್ಡ ಕಾರುಗಳು ಷೆಡ್ಡಿನಲ್ಲೇ ಉಳಿದವು. ಆಮೇಲೆ ಕೊಂಡವರು ತೀರಿಕೊಂಡರು, ಆಸ್ತಿ ಪಾಲಾಯಿತು. ಕಾರನ್ನು ಪಾಲು ಮಾಡಲು ಆಗದೆ ಮೇಲೊಂದು ಟಾರ್ಪಾಲು ಹೊದಿಸಿದರು. ಹೀಗೆ ಮರೆತದ್ದರಿಂದಲೇ ಉಳಿದ ಕಾರುಗಳು ಎಷ್ಟೋ.

ನಿಂತ ಗಾಡಿಗೂ ರೋಗ

ಇಲ್ಲಿಗೆ ಅಪ್ಪನ ಪ್ರಶ್ನೆ ಬಂತು. ಓಡದೆ ಉಳಿದ ಕಾರು ಚೆನ್ನಾಗಿರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಸಂಗ್ರಹಾಲಯದ ಹೊರಗೆ ಟೀ ಕುಡಿಯುತ್ತ ಅಪ್ಪ ಹೇಳಿದರು: “ಓಡ್ದೆ ನಿಂತ ಗಾಡಿ, ಹೂಡ್ದೆ ಬುಟ್ಟ ಎತ್ತು, ಎಲ್ಡೂ ಒಂದೇ ಕಣ್ಲಾ.” ಮೆಕ್ಯಾನಿಕರನ್ನು ಕೇಳಿದರೂ ಇದೇ ಮಾತು ಬರುತ್ತದೆ.

ನಿಂತ ಕಾರಿನಲ್ಲಿ ಏನಾಗುತ್ತದೆ? ಸಿಲಿಂಡರಿನ ಗೋಡೆಯಿಂದ ಎಣ್ಣೆ ಇಳಿದು ಹೋಗುತ್ತದೆ. ಪಿಸ್ಟನ್ ರಿಂಗು ತುಕ್ಕು ಹಿಡಿದು ಗೋಡೆಗೆ ಅಂಟಿಕೊಳ್ಳುತ್ತದೆ. ಎಣ್ಣೆ ಸೋರದಂತೆ ತಡೆಯುವ ಸೀಲುಗಳು ಒಣಗಿ ಬಿರಿಯುತ್ತವೆ. ಬ್ರೇಕಿನ ಸಿಲಿಂಡರು ಜಾಮ್ ಆಗುತ್ತದೆ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ಅಂಟಾಗಿ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಟೈರು ನೆಲ ಮುಟ್ಟಿದ ಕಡೆ ಚಪ್ಪಟೆಯಾಗುತ್ತದೆ. ಹಳೆಯ ಕಾರಿನ ವೈರಿಗೆ ಬಟ್ಟೆ ಸುತ್ತಿರುತ್ತಾರೆ, ಇಲಿಗೆ ಅದು ಗೂಡು ಕಟ್ಟುವ ಸಾಮಗ್ರಿ. ಉಣ್ಣೆಯ ಸೀಟಿಗೆ ನುಸಿ ಬೀಳುತ್ತದೆ. ಓಡಿ ಸವೆದದ್ದನ್ನು ಲೆಕ್ಕ ಇಡಲು ಮೀಟರ್ ಇದೆ. ನಿಂತು ಸವೆದದ್ದನ್ನು ಲೆಕ್ಕ ಇಡಲು ಯಾವ ಮೀಟರೂ ಇಲ್ಲ.

ಅಂಥ ಕಾರು ಸಿಕ್ಕಾಗ ಮಾಡಬಾರದ ಕೆಲಸವೆಂದರೆ ಹೊಸ ಬ್ಯಾಟರಿ ಕಟ್ಟಿ ತಕ್ಷಣ ಸೆಲ್ಫ್ ಹೊಡೆಯುವುದು. ಅಂಟಿದ ರಿಂಗು ಮುರಿದು ಬೋರು ಗೀಚಿದರೆ, ಎಪ್ಪತ್ತು ವರ್ಷ ಕೆಡದಿದ್ದ ಎಂಜಿನ್ನು ಏಳು ಸೆಕೆಂಡಿನಲ್ಲಿ ಕೆಡುತ್ತದೆ. ಮೊದಲು ಪ್ಲಗ್ಗು ಬಿಚ್ಚಿ ಆ ತೂತಿನಿಂದ ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಡಬೇಕು. ಕೆಲವು ದಿನ ನೆನೆಯಲು ಬಿಡಬೇಕು. ಆಮೇಲೆ ಕೈಯಲ್ಲೇ, ಮೆಲ್ಲಗೆ, ಎಂಜಿನ್ ತಿರುಗಿಸಿ ನೋಡಬೇಕು. ಟ್ಯಾಂಕಿನ ಹಳೆಯ ಪೆಟ್ರೋಲು, ಎಂಜಿನ್ನಿನ ಹಳೆಯ ಆಯಿಲ್ಲು ಚೆಲ್ಲಬೇಕು. ಬ್ರೇಕು ಹಿಡಿಯುತ್ತದೆ ಎಂದು ಖಾತ್ರಿಯಾದ ಮೇಲೆಯೇ ಓಡಿಸುವ ಮಾತು. ಬ್ಯಾಟರಿ ಕೂಡ ನೋಡಿ ಹಾಕಬೇಕು. 1950ರ ದಶಕದ ನಡುವಿನ ತನಕ ಬಹುಪಾಲು ಅಮೆರಿಕನ್ ಕಾರುಗಳದು 6 ವೋಲ್ಟ್ ವ್ಯವಸ್ಥೆ. ಇವತ್ತಿನ 12 ವೋಲ್ಟ್ ಬ್ಯಾಟರಿ ಹಾಗೇ ಕಟ್ಟಿದರೆ ಬಲ್ಬು, ಮೀಟರುಗಳು ಸುಟ್ಟು ಹೋಗುತ್ತವೆ.

ಇತ್ತೀಚೆಗೆ ಇನ್ನೊಂದು ಎಚ್ಚರ ಸೇರಿದೆ, ಅದು ನಮ್ಮ ಗದ್ದೆಯಿಂದಲೇ ಬಂದದ್ದು. ಇವತ್ತು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇರುತ್ತದೆ. ಕಬ್ಬಿನ ಕಾಕಂಬಿಯಿಂದ ಎಥನಾಲ್ ತೆಗೆಯುತ್ತಾರೆ. ಅದರಿಂದ ಸಕ್ಕರೆ ಕಾರ್ಖಾನೆಗೆ ಇನ್ನೊಂದು ಆದಾಯ, ಕಬ್ಬು ಬೆಳೆಗಾರನಿಗೆ ಬಾಕಿ ಹಣ ಬೇಗ ಸಿಗುವ ಆಸೆ. ಇದು ನಮ್ಮ ಸೀಮೆಗೆ ಒಳ್ಳೆಯದೇ. ಆದರೆ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕಿನಲ್ಲಿ ನೀರು ಬೇರೆಯಾಗಿ ತಳಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. ಎಥನಾಲ್ ಹಳೆಯ ರಬ್ಬರು ಪೈಪುಗಳನ್ನೂ ಮೆತ್ತಗಾಗಿಸಿ ಬಿರಿಸುತ್ತದೆ. ಎಥನಾಲ್ ತಡೆಯುವ ಹೊಸ ಪೈಪು ಹಾಕುವುದು, ನಿಲ್ಲಿಸುವ ಮುನ್ನ ಟ್ಯಾಂಕ್ ಖಾಲಿ ಮಾಡುವುದು, ಎಲ್ಲಕ್ಕಿಂತ ಮೇಲಾಗಿ ಆಗಾಗ ನಾಲ್ಕಾರು ಮೈಲಿ ಓಡಿಸುವುದೇ ಇದಕ್ಕೆ ಮದ್ದು.

ಹಾಗಾಗಿ ಅಪ್ಪನ ಪ್ರಶ್ನೆಗೆ ಮೊದಲ ಉತ್ತರ ಇದು: ಕಮ್ಮಿ ಓಡಿದ್ದಷ್ಟೇ ಹೆಚ್ಚುಗಾರಿಕೆಯಲ್ಲ. ಕಮ್ಮಿ ಓಡಿದರೂ ಕೈಬಿಡದೆ ಓಡಿಸಿದ್ದು ಹೆಚ್ಚುಗಾರಿಕೆ. ತೇರಿನ ಹಾಗೆ.

ಹಗುರ ಕೈಯ ಜೀರ್ಣೋದ್ಧಾರ

ಎರಡನೆಯ ಉತ್ತರ ಇನ್ನೂ ಕಷ್ಟದ್ದು. ಕಾರು ಓಡುವಂತಾಯಿತು. ಇನ್ನು ಬಣ್ಣ?

1920ರ ದಶಕದ ನಡುವಿನಿಂದ ಅಮೆರಿಕದ ಕಾರುಗಳಿಗೆ ಡ್ಯೂಪಾಂಟ್ ಕಂಪನಿಯ ‘ಡ್ಯೂಕೊ’ ಎಂಬ ಬೇಗ ಒಣಗುವ ಲ್ಯಾಕರ್ ಬಂತು. ಅದಕ್ಕೂ ಮುಂಚೆ ಒಂದು ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. ಆ ಲ್ಯಾಕರಿನ ಹೊಳಪು ಆಳದಿಂದ ಬರುವ ಮೆತ್ತನೆಯ ಹೊಳಪು, ಚೆನ್ನಾಗಿ ಉಜ್ಜಿದ ಹಳೆಯ ತೊಲೆಯ ಹಾಗೆ. ಕಾಲ ಕಳೆದಂತೆ ಅದರಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಕೈ ಹೆಚ್ಚು ತಾಗುವ ಕಡೆ ಸವೆದು ಕೆಳಗಿನ ಪ್ರೈಮರ್ ಇಣುಕುತ್ತದೆ. ಅದನ್ನೆಲ್ಲ ಕೆರೆದು, ಟಿಂಕರಿಂಗ್ ಮಾಡಿಸಿ, ಪುಟ್ಟಿ ಬಳಿದು, ಇವತ್ತಿನ ಬಣ್ಣ ಹೊಡೆಸಿದರೆ ಕಾರು ಕನ್ನಡಿಯಂತೆ ಹೊಳೆಯುತ್ತದೆ. ಕಾರ್ಖಾನೆಯಿಂದ ಹೊರಬಂದ ದಿನವೂ ಅದು ಹಾಗೆ ಹೊಳೆದಿರಲಿಲ್ಲ. ಹೊರಗಿನ ಲೋಹದ ಪಟ್ಟಿಗಳ ಕತೆಯೂ ಅಷ್ಟೆ. ಇಪ್ಪತ್ತರ ದಶಕದ ಕೊನೆಯ ತನಕ ಅವಕ್ಕೆ ಇದ್ದದ್ದು ನಿಕ್ಕಲ್ ಲೇಪ, ಸ್ವಲ್ಪ ಹಳದಿ ಬೆರೆತ ಬೆಚ್ಚನೆಯ ಬೆಳ್ಳಿಬಣ್ಣ. ನೀಲಿ ಛಾಯೆಯ ಕ್ರೋಮ್ ಬಂದದ್ದು ಆಮೇಲೆ. ನಿಕ್ಕಲ್ ಕಾಲದ ಕಾರಿಗೆ ಕ್ರೋಮ್ ಹೊಡೆಸಿದರೆ ಅದು ಬೇರೆಯೇ ಕಾಲದ ಒಡವೆ ಹಾಕಿಕೊಂಡಂತೆ.

ಆದ್ದರಿಂದಲೇ ಇವತ್ತು ಲೋಕದ ಕಾರು ಪ್ರೇಮಿಗಳಲ್ಲಿ ಒಂದು ಮಾತು ಬೇರೂರುತ್ತಿದೆ: ಯಾವ ವಸ್ತುವೂ ಅಸಲಿ ಆಗಿರುವುದು ಒಂದೇ ಸಲ. ಕೆರೆದು ತೆಗೆದ ಮೂಲ ಬಣ್ಣವನ್ನು ಎಷ್ಟು ಕೋಟಿ ಕೊಟ್ಟರೂ ಮರಳಿ ತರಲಾಗದು. ಹಳೆಯ ಕಟ್ಟಡಗಳನ್ನು ಹೇಗೆ ಉಳಿಸಬೇಕೆಂದು 1964ರಲ್ಲಿ ವೆನಿಸ್ ಸನ್ನದು ಎಂಬ ನಿಯಮಾವಳಿ ಬಂತು. 1966ರಲ್ಲಿ ಹುಟ್ಟಿದ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫೀವಾ’, ಅದೇ ಜಾಡಿನಲ್ಲಿ ವಾಹನಗಳಿಗಾಗಿ ಟ್ಯೂರಿನ್ ಸನ್ನದು ಬರೆಯಿತು. ಅದರ ತಿರುಳು ಸರಳ: ಉಳಿಸಲು ಎಷ್ಟು ಬೇಕೋ ಅಷ್ಟು ಮಾತ್ರ ಮುಟ್ಟಿ, ಮುಟ್ಟಿದ್ದನ್ನು ಬರೆದಿಡಿ, ವಯಸ್ಸಿನ ಗುರುತನ್ನು ಅಳಿಸಬೇಡಿ. ‘ಹಗುರವಾಗಿ ದುರಸ್ತಿ ಕಂಡ ಕಾರು’ ಎಂದರೆ ಇದೇ. ಬ್ರೇಕು ಹೊಸದು, ಪೈಪು ಹೊಸದು, ಟೈರು ಹೊಸದು. ಜೀವ ಉಳಿಸುವ ವಿಷಯದಲ್ಲಿ ಹಳತನದ ಹಟ ಇಲ್ಲ. ಬಣ್ಣ, ಸೀಟು, ಗಾಜು, ಗೀರು ಮಾತ್ರ ಮೂಲದ್ದೇ.

ಕಟ್ಟಡದ ನಿಯಮ ಕಾರಿಗೆ ಬಂದದ್ದು ಕನ್ನಡಿಗರಿಗೆ ಅಚ್ಚರಿಯಾಗಬೇಕಿಲ್ಲ. ಈ ಕಾರುಗಳನ್ನು ಕೂಡಿಸಿದ ಧರ್ಮಸ್ಥಳದ ಮನೆತನದ ಆಶ್ರಯದಲ್ಲೇ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಇದೆ. ನಾಡಿನ ಇನ್ನೂರಕ್ಕೂ ಹೆಚ್ಚು ಪಾಳುಬಿದ್ದ ಗುಡಿಗಳನ್ನು ಅದು ಎತ್ತಿ ನಿಲ್ಲಿಸಿದೆ. ಕುಸಿದ ಗೋಡೆಯ ಕಲ್ಲುಗಳಿಗೆ ನಂಬರು ಹಾಕಿ, ಬಿಚ್ಚಿ, ಅಡಿಪಾಯ ಗಟ್ಟಿ ಮಾಡಿ, ಅದೇ ಕಲ್ಲನ್ನು ಅದೇ ಜಾಗದಲ್ಲಿ ಕೂರಿಸುವುದು ಹಳೆಯ ಗುಡಿಗಳನ್ನು ಉಳಿಸುವ ಸರಿಯಾದ ದಾರಿ. ಆದರೆ ನಮ್ಮೂರುಗಳಲ್ಲಿ ಜೀರ್ಣೋದ್ಧಾರ ಎಂದರೆ ಇನ್ನೂ ಏನು? ಗಂಗರ ಕಾಲದ ಕಂಬಕ್ಕೆ ಹಸಿರು ಆಯಿಲ್ ಪೇಂಟು, ಹೊಯ್ಸಳರ ಚೌಕಟ್ಟಿಗೆ ನುಣುಪು ಗ್ರಾನೈಟು, ಶಾಸನದ ಕಲ್ಲಿನ ಮೇಲೆ ಸಿಮೆಂಟು. ಭಕ್ತಿಯಿಂದಲೇ ಮಾಡುತ್ತೇವೆ, ಪ್ರೀತಿಯಿಂದಲೇ ಮಾಡುತ್ತೇವೆ. ಆ ಪ್ರೀತಿಯ ಕೈ ಭಾರವಾಗಿದೆ ಎನ್ನುವುದನ್ನು ಹೇಳಲೇಬೇಕು. ಕಾಲಭೈರವೇಶ್ವರನ ಗುಡಿ ಇರುವ ಚಿಕ್ಕರಸಿನಕೆರೆಯವನಾಗಿ, ಗುಡಿಯ ಹಳೆಯ ಕಲ್ಲಿನ ತಣ್ಣನೆಯ ಮೈಯನ್ನು ಮುಟ್ಟಿ ಬೆಳೆದವನಾಗಿ, ನನಗೆ ಇದು ಕಾರಿಗಿಂತ ದೊಡ್ಡ ಮಾತು.

ಕಾನೂನಿನ ಒಪ್ಪಿಗೆ

ಹಳೆಯ ಕಾರನ್ನು ಉಳಿಸಿಕೊಳ್ಳಲು ಈಗ ಕಾನೂನಿನ ಆಸರೆಯೂ ಇದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪ ಗಣನೀಯವಾಗಿ ಬದಲಾಗದ ವಾಹನಗಳನ್ನು ‘ವಿಂಟೇಜ್’ ಎಂದು ಗುರುತಿಸಿತು. ಹೊಸದಾಗಿ ನೋಂದಣಿಯಾದವಕ್ಕೆ ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷ ಸಲ್ಲುತ್ತದೆ, ಮರುನೋಂದಣಿಗೆ 5,000. ಬಾಡಿಗೆಗೆ ಓಡಿಸುವಂತಿಲ್ಲ, ದಿನನಿತ್ಯ ತಿರುಗಾಡುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು ತುಂಬಿಸುವುದು, ದುರಸ್ತಿ ಇಷ್ಟಕ್ಕೆ ರಸ್ತೆಗೆ ಇಳಿಯಬಹುದು. ಕಾನೂನು ಕೂಡ ಕಮ್ಮಿ ಓಡು ಎನ್ನುತ್ತದೆ, ಓಡಲೇಬೇಡ ಎನ್ನುವುದಿಲ್ಲ. ಮೂಲರೂಪ ಬದಲಿಸಬೇಡ ಎಂದೂ ಸೇರಿಸುತ್ತದೆ.

ಊರಿಗೆ ಮರಳಿದ ಮೇಲೆ ನಮ್ಮ ಕೊಟ್ಟಿಗೆಯ ಎತ್ತಿನ ಗಾಡಿ ಕಣ್ಣಿಗೆ ಬಿತ್ತು. ಕಬ್ಬು ಟ್ರ್ಯಾಕ್ಟರಿಗೆ ಹೋದಂದಿನಿಂದ ಅದು ಅಲ್ಲೇ ನಿಂತಿದೆ. ಸಂಕ್ರಾಂತಿಗೆ ಬಣ್ಣ ಹೊಡೆಸಿ ಮನೆ ಮುಂದೆ ಅಲಂಕಾರಕ್ಕೆ ಇಡೋಣ ಎಂದುಕೊಂಡು ಬಣ್ಣದ ಡಬ್ಬಿಯನ್ನೂ ತಂದಿಟ್ಟಿದ್ದೆ. ಆ ಡಬ್ಬಿ ತೆರೆಯಲಿಲ್ಲ. ಅಪ್ಪ ಕಡಾಣಿ ಕಿತ್ತು ಚಕ್ರ ಬಿಚ್ಚಿಸಿದರು, ಅಚ್ಚಿಗೆ ಹೊಸ ಕೀಲೆಣ್ಣೆ ಹಾಕಿದರು. ಹಲಗೆಗಳನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತ ಹೋದರು. ಒಂದು ಟೊಳ್ಳೆಂದಿತು, ಅದನ್ನು ಬದಲಿಸಿದೆವು. ಮೂಕಿಯ ಮೇಲೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಕುಳಿಯನ್ನು ತುಂಬಿಸೋಣವೇ ಅಪ್ಪ ಎಂದು ಕೇಳಿದೆ. ಅದರಲ್ಲಿ ಒಮ್ಮೆ ಬೆರಳಿಟ್ಟು ನೋಡಿದರು. “ಅದಿರ್ಲಿ ಬುಡು, ಅದು ನಾನು ದುಡ್ದಿದ್ದು” ಅಂದರು.

ಪಕ್ಕದ ಮನೆಯ ಎತ್ತು ತಂದು ನೊಗಕ್ಕೆ ಹೂಡಿದೆವು. ಗಾಡಿ ಹಟ್ಟಿಯಿಂದ ಕಣದವರೆಗೆ ಹೋಗಿ ಬಂತು.